ಬಾಲವಾಡಿಯಲ್ಲಿ ಮಗ್ಗ ಹಾಕಿದ ನಮ್ಮ ಅತ್ತೆ

ನಮ್ಮ ಅತ್ತೆಯವರ ಪ್ರಕಾರ ಈ ಭೂಮಿಯ ಮೇಲೆ ಆರು ವರ್ಷ ದಾಟಿದ ಮನುಷ್ಯ ಒಬ್ಬನೂ ಇರಲಿಲ್ಲ! ಮೀಸೆ ಬಂದವರು, ಹಲ್ಲು ಬಿದ್ದವರು, ಮೊಮ್ಮಕ್ಕಳನ್ನು ಕಂಡವರು, ಪಂಚಾಯಿತಿಯ ಚೇರ್ಮನ್ನರು, ಎಲ್ಲರೂ ಅವರ ಕಣ್ಣಿಗೆ ಮೂಗು ಸೋರುವ ಕೂಸುಗಳೇ. ಊರಿನ ಬಾಲವಾಡಿಯಲ್ಲಿ ಪುಟ್ಟ ಮಕ್ಕಳನ್ನು ನೋಡಿಕೊಳ್ಳುವ ಅಕ್ಕೋರು ಅವರು. ಬೆಳಗಿನ ಹತ್ತರಿಂದ ಮಧ್ಯಾಹ್ನ ಎರಡರವರೆಗೆ ಹಾಗೆ ಅನಿಸಿದರೆ ತಪ್ಪಿಲ್ಲ ಬಿಡಿ. ಆದರೆ ಇವರಿಗೆ ದಿನದ ಅಷ್ಟೂ ತಾಸು ಬಾಲವಾಡಿಯೇ. ನಾನು ಬೆಳೆಸಿ ಹೇಳುತ್ತಿದ್ದೇನೆ ಅಂತ ಅನುಮಾನವೇ? ಹಾಗಾದರೆ ನನ್ನ ಮದುವೆಯ ದಿಬ್ಬಣದ ಕಥೆ ಕೇಳಿ.

ಎಪ್ಪತ್ತರ ದಶಕ ಮುಗಿಯುತ್ತಾ ಬಂದಿತ್ತು. ನನ್ನ ತವರು ಕುಳಗೇರಿ ಕ್ರಾಸಿನ ಹತ್ತಿರ, ಕೊಟ್ಟದ್ದು ಇಳಕಲ್ಲಿನ ಸಮೀಪದ ಒಂದು ಹಳ್ಳಿಗೆ. ಮದುವೆ ಮುಗಿಸಿ ಗಂಡಿನ ಕಡೆಯವರ ಜೊತೆ ಇಳಕಲ್ಲಿನಲ್ಲಿ ಬಸ್ಸಿಳಿದೆ. ಊರಿಗೆ ಹೋಗುವ ಬಸ್ಸು ರಸ್ತೆಯ ಆಚೆ ಬದಿಗೆ ನಿಂತಿತ್ತು. ನಡುವೆ ಕಲ್ಲು ಹೇರಿದ ಲಾರಿಗಳು ಒಂದರ ಹಿಂದೊಂದು ಬರುತ್ತಿದ್ದವು. ಆಗ ನಮ್ಮ ಅತ್ತೆ ಎರಡು ಚಪ್ಪಾಳೆ ತಟ್ಟಿದರು ನೋಡಿ!

"ಎಲ್ಲಾರೂ ಸಾಲಾಗಿ ನಿಂದರ್ರಿ! ಮುಂದಿನವರ ಅಂಗಿ ಹಿಂದಿನವರು ಹಿಡಕೋರಿ! ಬಿಟ್ರ ನೋಡ್ರಿ ಮತ್ತ!"

ಹಳದಿ ರುಮಾಲು ಸುತ್ತಿದ, ಕಲ್ಲಿನಂಥ ಎದೆಯ, ಊರಿನ ನ್ಯಾಯ ಬಗೆಹರಿಸುವ ಹಿರಿಯರೆಲ್ಲ ತುಟಿ ಪಿಟಕ್ಕೆನ್ನದೆ ಒಬ್ಬರ ಅಂಗಿ ಒಬ್ಬರು ಹಿಡಿದುಕೊಂಡು ರೈಲಾಗಿ ರಸ್ತೆ ದಾಟಿದರು. ನನಗೂ ನಮ್ಮವರಿಗೂ ಸೆರಗು ಶಲ್ಯದ ಗಂಟು ಮೊದಲೇ ಬಿದ್ದಿತ್ತು, ಹೀಗಾಗಿ ನಮಗೆ ಅಂಥ ತೊಂದರೆಯಾಗಲಿಲ್ಲ. ಒಬ್ಬ ಲಾರಿ ಡ್ರೈವರ್ ಗಾಡಿ ನಿಲ್ಲಿಸಿ ಬಾಯಿ ತೆರೆದುಕೊಂಡು ನೋಡುತ್ತಿದ್ದ. ಅತ್ತೆ ಅವನ ಕಡೆ ತಿರುಗಿ, "ಶಾಣ್ಯಾ ಇದ್ದೀ! ದಿನಾ ಹಿಂಗ ನಿಂದರಬೇಕು" ಅಂದರು. ಅವನೂ ತಲೆಯಾಡಿಸಿದ!

ನಮ್ಮ ಮಾವನವರು ಕಲ್ಲಿನ ಕ್ವಾರಿಯಲ್ಲಿ ಮುಕಾದಮರು. ಅಲ್ಲಿ ಅವರು ಒಂದು ಸಲ ಗದರಿಸಿದರೆ ಸುತ್ತಿಗೆ ಹಿಡಿದ ನಲವತ್ತು ಗಂಡಾಳುಗಳು ನಡುಗುತ್ತಿದ್ದರಂತೆ. ಮನೆಗೆ ಬಂದೊಡನೆ ಬಚ್ಚಲಿಗೆ ಹೋಗಿ ಕೈ ತೊಳೆದು, ಎರಡೂ ಅಂಗೈ ಮುಂದೆ ಚಾಚಿ ನಿಲ್ಲುತ್ತಿದ್ದರು. ಅತ್ತೆ ಉಗುರು ನೋಡಿ "ಹೂಂ" ಅಂದರೆ ಮಾತ್ರ ತಾಟು ಬರುತ್ತಿತ್ತು. ನಾನು ಬಂದ ಮೊದಲ ವಾರ ಇದನ್ನು ನೋಡಿ ನಗು ತಡೆಯಲಾರದೆ ಅಡಿಗೆಮನೆಗೆ ಓಡಿದ್ದೆ. ಎರಡನೆಯ ವಾರ ನಾನೂ ಅಂಗೈ ಚಾಚಿ ನಿಂತಿದ್ದೆ.

ಬಾಲವಾಡಿ ನಡೆಯುತ್ತಿದ್ದದ್ದು ಬೀರಪ್ಪನ ಗುಡಿಯ ಪಕ್ಕದ ಪಡಸಾಲೆಯಲ್ಲಿ. ಕುರುಬರ ಓಣಿಯ ಮಕ್ಕಳು, ಹೊಲಕ್ಕೆ ಹೋಗುವವರ ಮಕ್ಕಳು ತಪ್ಪದೆ ಬರುತ್ತಿದ್ದವು. ಬರಬೇಕಾಗಿದ್ದೂ ಬಾರದೆ ಇದ್ದದ್ದು ನೇಕಾರರ ಓಣಿಯವು. ಅಲ್ಲಿ ನಲವತ್ತು ಮನೆ, ಮನೆಗೊಂದು ಮಗ್ಗ. ಮಕ್ಕಳು ಆ ಮಗ್ಗದ ಬುಡದಲ್ಲೇ ಹುಟ್ಟಿ, ಅಲ್ಲೇ ಮಲಗಿ, ಅಲ್ಲೇ ಬೆಳೆಯುತ್ತಿದ್ದವು. ನೇಯುವವರ ಜೀವನವೇ ಅಲ್ಲಿ ನಡೆಯುವಾಗ ಕೂಸುಗಳನ್ನು ಇನ್ನೆಲ್ಲಿ ಇಡುತ್ತಾರೆ?

ಒಂದು ದಿನ ಅತ್ತೆ ನನ್ನನ್ನೂ ಕರೆದುಕೊಂಡು ಆ ಓಣಿಗೆ ಹೋದರು. ಶಂಕ್ರವ್ವ ಅನ್ನುವವಳ ಮನೆಯಲ್ಲಿ ನೆಲದಲ್ಲಿ ತೋಡಿದ ಕುಣಿಯೊಳಗೆ ಕಾಲು ಇಳಿಬಿಟ್ಟು ಕೂತು ಅವಳು ನೇಯುತ್ತಿದ್ದಳು. ಪಕ್ಕದ ಕಂಬಕ್ಕೆ ಹಳೆಯ ಸೀರೆಯ ಅಂಚಿನ ಪಟ್ಟಿ ಕಟ್ಟಿತ್ತು. ಪಟ್ಟಿಯ ಇನ್ನೊಂದು ತುದಿ ಒಂದು ಹೆಣ್ಣು ಕೂಸಿನ ಸೊಂಟಕ್ಕೆ. ಹೆಸರು ನೀಲವ್ವ, ಎಲ್ಲರ ಬಾಯಲ್ಲಿ ನೀಲಿ. ಬಟ್ಟಲುಗಣ್ಣು, ಗುಂಗುರು ಕೂದಲು, ಕೈಯಲ್ಲೊಂದು ನೂಲು ಸುತ್ತುವ ಖಾಲಿ ಕಂಡಿಕೆ.

"ಯಾಕ ಕಟ್ಟೀದಿ ಶಂಕ್ರವ್ವಾ?"

"ಕಟ್ಟದಿದ್ರ ಕುಣ್ಯಾಗ ಬೀಳ್ತೈತ್ರಿ ಅಕ್ಕೋರ. ತೆವಳೂ ಮುಂದ ಒಮ್ಮಿ ಬಿದ್ದು ಹಣಿ ಒಡಕೊಂಡೈತಿ. ನಾ ಲಾಳಿ ನೋಡ್ಲ್ಯೋ ಕೂಸಿನ್ನ ನೋಡ್ಲ್ಯೋ?"

"ಎಷ್ಟು ವರ್ಷದಾಕಿ?"

"ಮೂರು ತುಂಬ್ಯಾವ್ರಿ."

"ನಡೀತಾಳ?"

ಶಂಕ್ರವ್ವನ ಲಾಳಿ ಎರಡು ಸಲ ಆಚೆ ಈಚೆ ಹೋಗಿ ಬಂತು. ಕೊನೆಗೆ, "ನಿಂತs ಇಲ್ರಿ. ಬಾಗಲಕೋಟಿ ಡಾಕ್ಟರಿಗೆ ತೋರ್ಸೀವಿ, ಕಾಲಿಗೇನೂ ಆಗಿಲ್ಲಂದ್ರು. ಆದ್ರೂ ನಿಂದ್ರವಲ್ಲಳು" ಅಂದಳು. ಅಷ್ಟು ಹೇಳುವಾಗ ಅವಳು ಕೂಸಿನ ಕಡೆ ನೋಡಲಿಲ್ಲ.

ಅತ್ತೆ ಸೊಂಟದ ಮೇಲೆ ಕೈಯಿಟ್ಟು ಎದ್ದು ನಿಂತರು. "ಕಾಲಿಗೆ ಏನೂ ಆಗಿಲ್ಲಬೇ. ಕಾಲಿಗೆ ಯಾರೂ ಕೆಲಸಾ ಕೊಟ್ಟಿಲ್ಲ, ಅಷ್ಟs. ನಾಳಿಂದ ಬಾಲವಾಡಿಗೆ ಕಳಸು. ಬರೂ ಸುಗ್ಗ್ಯೊಳಗ ಈಕಿ ನಡೀಲಿಲ್ಲಂದ್ರ ನಾ ಬಾಲವಾಡಿಗೆ ಕೀಲಿ ಹಾಕಿ ಮನ್ಯಾಗ ಕುಂದರ್ತೇನಿ!"

ಈ ಸುದ್ದಿ ನಮ್ಮ ಮನೆಗೆ ಮುಟ್ಟಿದಾಗ ಮಾವನವರ ಕೈಯಲ್ಲಿದ್ದ ರೊಟ್ಟಿ ತಾಟಿಗೆ ಬಿತ್ತು. "ಮನ್ಯಾಗ ಕುಂದರ್ತಾಳಂತ? ಮುಂಜಾನಿಂದ ಸಂಜೀತನಾ?" ಅಂತ ಪಿಸುಗುಟ್ಟಿದರು. ಮರುದಿನವೇ ಅವರು ಬಸ್ಸು ಹತ್ತಿ ತುಳಸಿಗೇರಿಗೆ ಹೋಗಿ, ಪರಿಚಯವಿಲ್ಲದ ಆ ಕೂಸಿನ ಕಾಲಿಗಾಗಿ ಹನುಮಪ್ಪನಿಗೆ ಹರಕೆ ಹೊತ್ತು ಬಂದರು. ಅವರು ಅಷ್ಟು ಭಕ್ತಿಯಿಂದ ಇನ್ನೇನನ್ನೂ ಬೇಡಿಕೊಂಡದ್ದನ್ನು ನಾನು ಕಂಡಿಲ್ಲ.

ಅತ್ತೆ ಹೇಳಿದರೆಂದ ಮೇಲೆ ಇಲ್ಲವೆನ್ನುವ ಧೈರ್ಯ ಯಾರಿಗಿತ್ತು? ಮರುದಿನ ನೀಲಿಯ ಜೊತೆ ಆ ಓಣಿಯ ಇನ್ನೂ ಹನ್ನೆರಡು ಮಕ್ಕಳು ಬಂದವು. ಸರಕಾರದ ಹಳದಿ ಹಿಟ್ಟಿನ ಉಪ್ಪಿಟ್ಟು ತಿಂದವು. ಚಲೋ ಆಯಿತು. ಆಮೇಲೆ ಒಂದು ತಾಸು ನಿದ್ದೆ, ಅದು ಬಾಲವಾಡಿಯ ನಿಯಮ. ಕುರುಬರ ಓಣಿಯವು ನೆಲ ಮುಟ್ಟುವಷ್ಟರಲ್ಲಿ ಗೊರಕೆ ಹೊಡೆದವು. ನೇಕಾರರ ಮಕ್ಕಳು ಮಾತ್ರ ಕಣ್ಣು ಪಿಳಿಪಿಳಿ ಬಿಡುತ್ತಾ ಛತ್ತು ನೋಡುತ್ತಿದ್ದವು. ಹತ್ತು ನಿಮಿಷಕ್ಕೆ ಒಂದು ತುಟಿ ಸೊಟ್ಟ ಮಾಡಿತು. ಹನ್ನೊಂದನೆಯ ನಿಮಿಷಕ್ಕೆ ಹದಿಮೂರೂ ಸೇರಿ ಎಬ್ಬಿಸಿದ ಗದ್ದಲಕ್ಕೆ ಗುಡಿಯ ಪಾರಿವಾಳಗಳು ಇಳಕಲ್ಲಿನ ಕಡೆ ಹಾರಿಹೋದವು! ತಾಯಂದಿರು ಮಗ್ಗ ಬಿಟ್ಟು ಓಡಿ ಬಂದರು.

"ಇದಕ್ಕs ಕಳಸ್ತಿದ್ದಿಲ್ರಿ ನಾವು. ಹೊಟ್ಟ್ಯಾಗಿದ್ದಾಗಿಂದ ಮಗ್ಗದ ಸಪ್ಪಳಾ ಕೇಳಕೋಂತ ಬೆಳದಾವು. ರಾತ್ರಿ ಅಂದ್ರ ನಾವು ಬಗಲಾಗ ಮಲಗಿರ್ತೇವಿ, ನಡೀತೈತಿ. ಹಗಲೊತ್ತು ಆ ಸಪ್ಪಳಿಲ್ದ ಇವು ಕಣ್ಣ ಮುಚ್ಚಂಗಿಲ್ರಿ" ಅಂದಳು ಶಂಕ್ರವ್ವ, ನೀಲಿಯನ್ನು ಕಂಕುಳಿಗೆ ಏರಿಸುತ್ತಾ.

ಬೇರೆ ಯಾರಾದರೂ ಆಗಿದ್ದರೆ ಅಲ್ಲಿಗೇ ಕೈ ಬಿಡುತ್ತಿದ್ದರು. ನಮ್ಮ ಅತ್ತೆ ಮನೆಗೆ ಬಂದು ಅಡಿಗೆಮನೆಯಿಂದ ಲಟ್ಟಣಿಗೆಯನ್ನೂ, ಮಾವನವರು ಊಟಕ್ಕೆ ಕೂರುವ ಮಣೆಯನ್ನೂ ಎತ್ತಿಕೊಂಡರು. ಮರುದಿನ ಉಪ್ಪಿಟ್ಟಾದ ಮೇಲೆ ಮಣೆ ಮಗುಚಿ ಹಾಕಿ, ಲಟ್ಟಣಿಗೆಯಿಂದ ಟಕ್ ಪಟ್, ಟಕ್ ಪಟ್ ಅಂತ ಬಾರಿಸತೊಡಗಿದರು. ನೀವು ನಂಬಬೇಕು, ಹದಿಮೂರು ಜೊತೆ ಕಣ್ಣುಗಳು ಒಂದೊಂದಾಗಿ ಮುಚ್ಚಿಕೊಂಡವು. ಕುರುಬರ ಮಕ್ಕಳು ಎದ್ದು ಕೂತವು ಅನ್ನುವುದು ಬೇರೆ ಮಾತು! ಅವಕ್ಕೆ ರೂಢಿಯಾಗಲು ಮೂರು ದಿನ ಹಿಡಿಯಿತು. ಮಾವನವರು ಅಂದಿನಿಂದ ಬರೀ ನೆಲದ ಮೇಲೆ ಕೂತು ಉಂಡರು. ಹರಕೆ ಹೊತ್ತವರು, ಬಾಯಿ ಬಿಡುವಂತಿರಲಿಲ್ಲ.

ನಾಲ್ಕನೆಯ ದಿನ ಬಾಲವಾಡಿಯ ಬಾಗಿಲಿಗೆ ಓಣಿಯ ಅತಿ ಹಿರಿಯ ನೇಕಾರ ಗುರಪ್ಪಜ್ಜ ಕೋಲೂರಿಕೊಂಡು ಬಂದು ನಿಂತ. ಕಣ್ಣು ಮಂಜಾಗಿ ಮಗ್ಗ ಬಿಟ್ಟು ವರ್ಷಗಳಾಗಿದ್ದವು. ಆದರೆ ಕಿವಿ!

"ಯಾರದು ಇಲ್ಲಿ ನೇಯಾಕತ್ತಾರು?"

"ನಾನ ಅಜ್ಜಾ. ಒಳಗ ಬರೂದಿದ್ರ ಕೈ ತೊಳಕೊಂಡು ಬಾ."

ಅಜ್ಜ ಕೈ ತೊಳೆದುಕೊಂಡೇ ಬಂದ. "ನಾಕ ದಿನದಿಂದ ಕೇಳಾಕತ್ತೇನಿ. ಲಾಳಿ ಎಡಕ್ಕ ಹೋದ ಮ್ಯಾಲ ಬಲಕ್ಕ ತಿರಗಿ ಬರಬೇಕಿಲ್ಲೇನ್ರಿ? ನೀವು ಎಡಕ್ಕ ಒಗದು ಹಂಗs ಬಿಡ್ತೀರಿ! ಇಷ್ಟೊತ್ತಿಗೆ ನಿಮ್ಮ ಲಾಳಿ ಹುನಗುಂದಾ ಮುಟ್ಟಿರಬೇಕು! ಹಿಂಗ ನೇದ್ರ ಸೀರಿ ಆಗಂಗಿಲ್ಲ, ಗೋಣಿಚೀಲಾ ಆಗ್ತೈತಿ."

"ಸೀರಿ ಯಾರಿಗೆ ಬೇಕು ಅಜ್ಜಾ? ಕೂಸುಗೋಳಿಗೆ ನಿದ್ದಿ ಬಂದ್ರ ಸಾಕು."

"ಹಂಗಂದ್ರ ಹೆಂಗ್ರಿ? ನೇಕಾರ ಹುಡುಗೂರ ಕಿವಿ ಕೆಡ್ತೈತಿ! ನಾಳೆ ಇವೂ ಹಿಂಗs ನೇದ್ರ ಇಳಕಲ್ಲ ಸೀರಿ ಅಂತ ಯಾರು ಕೊಳ್ತಾರ?"

ಅಂದಿನಿಂದ ಅಜ್ಜ ದಿನಾ ಮಧ್ಯಾಹ್ನ ಬಂದು ಪಾಠ ಹೇಳಿದ. ಸೀರೆಯ ಒಡಲು ನೇಯುವಾಗ ಯಾವ ವೇಗ, ಸೆರಗು ಬಂದಾಗ ಹೇಗೆ ಕೈ ಸಾವಕಾಶ ಆಗಬೇಕು, ಎಳೆ ಹರಿದರೆ ಎಷ್ಟು ಹೊತ್ತು ತಡೆದು ಗಂಟು ಹಾಕಬೇಕು, ಎಲ್ಲ! ಲಟ್ಟಣಿಗೆಗೆ ಯಾವ ಎಳೆ ಹರಿಯುತ್ತದೆ ಅಂತ ನಾನು ಕೇಳಿದ್ದಕ್ಕೆ ಇಬ್ಬರೂ ನನ್ನನ್ನು ದುರುಗುಟ್ಟಿ ನೋಡಿದರು. ಪಾಠದ ಆರನೆಯ ದಿನ ಅತ್ತೆ ಬೆವರು ಒರೆಸಿಕೊಂಡು, "ಮುಗೀತು ನೋಡ ಅಜ್ಜಾ ಒಂದು ಸೀರಿ" ಅಂದರು.

"ಬಣ್ಣ ಯಾವ್ದು?" ಅಂದ ಅಜ್ಜ, ಗಂಭೀರವಾಗಿ.

"ಗಿಳಿಹಸರ. ಕೆಂಪ ಸೆರಗು."

"ಚಲೋ ಆತು" ಅಂದ ಅಜ್ಜ. ಅತ್ತೆಗೆ ರಟ್ಟೆ ನೋವು ಬಂದಾಗ ಆ ಸೀರೆಗಳನ್ನು ನಾನೂ ನೇಯ್ದಿದ್ದೇನೆ. ಸೊಸೆಯ ಕೈ ಇನ್ನೂ ಹಗುರಾಗಿಲ್ಲ ಅಂತ ಓಣಿಯಲ್ಲಿ ಮಾತಾಡಿಕೊಂಡರು. ಇದ್ದರೂ ಇರಬಹುದು.

ನಿದ್ದೆಯ ಕಥೆ ಬಗೆಹರಿಯಿತು, ನೀಲಿಯ ಕಾಲಿನದು ಬಗೆಹರಿಯಲಿಲ್ಲ. ಪಟ್ಟಿಯಿಲ್ಲದೆ ಪಡಸಾಲೆಯ ನಡುವೆ ಕೂರಿಸಿದರೆ ಅವಳು ಅಲುಗುತ್ತಲೇ ಇರಲಿಲ್ಲ. ಸೊಂಟ ಮುಟ್ಟಿ ನೋಡಿಕೊಂಡು, ಪಟ್ಟಿ ಇಲ್ಲವೆಂದು ಗೊತ್ತಾಗಿ ಬಿಕ್ಕಿ ಬಿಕ್ಕಿ ಅಳುವಳು. ಅತ್ತೆ ಒಂದು ವಾರ ನೋಡಿದರು. ಆಮೇಲೆ ಶಂಕ್ರವ್ವನ ಮನೆಯಿಂದ ಆ ಪಟ್ಟಿಯನ್ನೇ ತರಿಸಿ ಒಂದು ತುದಿ ಕೂಸಿನ ಸೊಂಟಕ್ಕೆ ಕಟ್ಟಿದರು. ಇನ್ನೊಂದು ತುದಿಯನ್ನು ತಮ್ಮ ಸೊಂಟಕ್ಕೆ ಬಿಗಿದರು.

"ಇದೇನ್ರಿ ಅತ್ತಿ!" ಅಂದೆ.

"ಈಕಿಗೆ ಕಂಬ ಅಂದ್ರ ಧೈರ್ಯ ಯವ್ವಾ. ಆ ಕಂಬ ನಡ್ಯಾಂಗಿಲ್ಲ, ಅದಕ್ಕs ಈಕೀನೂ ನಡ್ಯಾಂಗಿಲ್ಲ. ಇವತ್ತಿಂದ ನಾನs ಕಂಬ."

ಮೈಕಟ್ಟಿನಲ್ಲಿ ಕಂಬಕ್ಕೆ ನಮ್ಮ ಅತ್ತೆ ಏನೂ ಕಡಿಮೆ ಇರಲಿಲ್ಲ. ಆದರೆ ಊರೆಲ್ಲ ತಿರುಗುವ ಕಂಬವನ್ನು ಯಾರು ಕಂಡಿದ್ದರು? ನೀರು ತರಲು ಹೋದರೆ ಹಿಂದೆ ನೀಲಿ ತೆವಳಿಕೊಂಡು. ಚೇರ್ಮನ್ನರ ಮನೆಗೆ ಕಟ್ಟಿಗೆ ಕೇಳಲು ಹೋದರೆ ಹಿಂದೆ ನೀಲಿ. ಪ್ರತಿ ವಾರ ಪಟ್ಟಿಗೆ ಒಂದು ಗೇಣು ಬಟ್ಟೆ ಹೊಲಿದು ಉದ್ದ ಮಾಡುತ್ತಿದ್ದರು. ಅದಕ್ಕೆ ನನ್ನ ಒಂದು ಸೀರೆ ಹೋಯಿತು, ಮಾವನವರ ಎರಡು ಧೋತರ ಹೋದವು. ಅವರು ಕಪಾಟಿನ ಮುಂದೆ ನಿಂತು ಹನುಮಪ್ಪನನ್ನು ನೆನೆಯುತ್ತಿದ್ದದ್ದು ನನಗೆ ಕೇಳಿಸುತ್ತಿತ್ತು.

ಒಂದು ದಿನ ಅತ್ತೆ ಒಲೆಯ ಮುಂದೆ ನಿಂತು ಉಪ್ಪಿಟ್ಟು ತಿರುವುತ್ತಿದ್ದವರು ಇದ್ದಕ್ಕಿದ್ದಂತೆ ಕೈ ನಿಲ್ಲಿಸಿದರು. ಹಿಂದಿನಿಂದ ನೀಲಿ ಅವರ ಸೀರೆಯ ನಿರಿಗೆ ಹಿಡಿದು ಮೇಲೇಳುತ್ತಿದ್ದಳು! ಕಾಲು ಗಡಗಡ ನಡುಗುತ್ತಿದ್ದವು, ಮುಖ ಕೆಂಪಾಗಿತ್ತು, ಆದರೂ ನಿಂತಿದ್ದಳು. ತಿರುಗಿದರೆ ಎಲ್ಲಿ ಬಿಡುತ್ತಾಳೋ ಅಂತ ಅತ್ತೆ ಮಿಸುಕಾಡಲಿಲ್ಲ. ಸೌಟು ಗಾಳಿಯಲ್ಲಿ. ಉಪ್ಪಿಟ್ಟು ತಳ ಹಿಡಿಯಿತು, ಹೊಗೆ ಎದ್ದಿತು, ನಾನು ಒಲೆಯ ಕಡೆ ಓಡಿದರೆ ಕಣ್ಣಿನಲ್ಲೇ ತಡೆದರು. ಅವತ್ತು ಊರಿನ ಮಕ್ಕಳೆಲ್ಲ ಕರಕಲು ತಿಂದವು. ಅತ್ತೆ ಮಾತ್ರ ಅಂಥ ರುಚಿಯ ಉಪ್ಪಿಟ್ಟು ತಾವು ಜನ್ಮದಲ್ಲೇ ಮಾಡಿರಲಿಲ್ಲ ಅಂತ ವಾದಿಸಿದರು.

ಈ ನಡುವೆ ಬಾಲವಾಡಿ ತಪಾಸಣೆಗೆ ಮೇಲಿನಿಂದ ಒಬ್ಬ ಮೇಡಮ್ಮು ಬಂದರು. ಮೈಸೂರು ಕಡೆಯವರು, ಚಿನ್ನದ ಕಟ್ಟಿನ ಕನ್ನಡಕ. ಬಂದದ್ದು ಸರಿಯಾಗಿ ನಿದ್ದೆಯ ಹೊತ್ತಿಗೆ. ಒಳಗೆ ಅತ್ತೆ ಟಕ್ ಪಟ್ ಅಂತ ಸೆರಗಿನ ಭಾಗದಲ್ಲಿದ್ದರು.

"ಏನ್ರೀ ಇದು ಗಲಾಟೆ? ಮಕ್ಕಳು ಮಲಗಿರೋದು ಕಾಣಿಸ್ತಾ ಇಲ್ವಾ? ನಿಲ್ಲಿಸ್ರೀ ಮೊದಲು!"

"ನಿಲ್ಲಸಿದ್ರ ತ್ರಾಸ ಆಗ್ತೈತ್ರಿ ಬಾಯಾರ."

"ನಿಲ್ಲಿಸಿ ಅಂದ್ರೆ ನಿಲ್ಲಿಸಿ!"

ಅತ್ತೆ ಲಟ್ಟಣಿಗೆ ಕೆಳಗಿಟ್ಟು ಕೈಕಟ್ಟಿ ಕೂತರು. ಒಂದು ಕ್ಷಣ ಅಪರೂಪದ ಶಾಂತಿ. ಆಮೇಲೆ ಅಷ್ಟೂ ಬಾಯಿಗಳು ಒಮ್ಮೆಗೇ ತೆರೆದವು! ಈಗ ಕುರುಬರ ಮಕ್ಕಳಿಗೂ ಆ ಸಪ್ಪಳ ರೂಢಿಯಾಗಿತ್ತಲ್ಲ, ಅವೂ ಸೇರಿಕೊಂಡವು. ಮೇಡಮ್ಮಿನ ಕನ್ನಡಕ ಮೂಗಿನ ತುದಿಗೆ ಜಾರಿತು. "ಶ್ಶ್, ಚಿನ್ನಾ, ಮರೀ" ಅಂದರು. ಯಾವ ಮರಿಯೂ ಕೇಳಲಿಲ್ಲ. ಕೊನೆಗೆ ತಾವೇ ನೆಲಕ್ಕೆ ಕುಕ್ಕರಿಸಿ, ಲಟ್ಟಣಿಗೆ ಎತ್ತಿಕೊಂಡು ಬಾರಿಸತೊಡಗಿದರು. ಬಾಗಿಲಲ್ಲಿ ಕೂತಿದ್ದ ಗುರಪ್ಪಜ್ಜ ಮುಖ ಸಿಂಡರಿಸಿ, "ಬಾಯಾರ, ಅವಸರ ಮಾಡಬ್ಯಾಡ್ರಿ, ಎಳಿ ಹರೀತೈತಿ!" ಅಂದ.

ಮಕ್ಕಳು ಮತ್ತೆ ಮಲಗಿದ ಮೇಲೆ ಮೇಡಮ್ಮಿನ ಕಣ್ಣು ಪಟ್ಟಿಯ ಮೇಲೆ ಬಿತ್ತು. "ಇದೇನು, ಮಗೂನ ಕಟ್ಟಿಹಾಕಿದ್ದೀರಾ?"

"ಇಲ್ರಿ ಬಾಯಾರ. ಆಕಿ ನನ್ನ ಕಟ್ಟ್ಯಾಳ."

ಮೇಡಮ್ಮು ಭೇಟಿ ಪುಸ್ತಕದಲ್ಲಿ 'ಮಕ್ಕಳು ಚೆನ್ನಾಗಿ ನಿದ್ರಿಸುತ್ತಿದ್ದಾರೆ' ಎಂದಷ್ಟೇ ಬರೆದು, ನೋಯುವ ರಟ್ಟೆ ತಿಕ್ಕಿಕೊಳ್ಳುತ್ತಾ ಜೀಪು ಹತ್ತಿದರು. ಹತ್ತುವ ಮೊದಲು ಅತ್ತೆ ಅವರ ಉಗುರು ನೋಡಿದರೋ ಇಲ್ಲವೋ ನನಗೆ ನೆನಪಿಲ್ಲ. ನೋಡಿರಲೇಬೇಕು.

ಜೋಳ ತೆನೆ ಕಟ್ಟಿ ಬಲಿಯತೊಡಗಿತು. ಸುಗ್ಗಿ ಹತ್ತಿರ ಬಂತು. ನೀಲಿ ನಿರಿಗೆ ಹಿಡಿದು ಹೆಜ್ಜೆ ಹಾಕುತ್ತಿದ್ದಳು, ಆದರೆ ನಿರಿಗೆ ಬಿಡುತ್ತಿರಲಿಲ್ಲ. ಬಿಡಿಸಿದರೆ ಧೊಪ್ಪನೆ ಕೂತುಬಿಡುವಳು. ಅತ್ತೆ ಮಾತು ಕಡಿಮೆ ಮಾಡಿದರು. ಒಂದು ಸಂಜೆ ಮಾವನವರು ಅಂಗೈ ಚಾಚಿ ನಿಂತರೆ ನೋಡದೆಯೇ ತಾಟು ಇಟ್ಟುಬಿಟ್ಟರು. ಮಾವನವರು ಕೈ ಹಿಂತೆಗೆಯದೆ ಹಾಗೇ ನಿಂತಿದ್ದರು. "ನನ್ನ ಮಾತು ಸುಳ್ಳಾದ್ರ ಆಗ್ಲಿ ಬಿಡು, ಆ ಕೂಸಿನ ತಾಯಿಗೆ ಆಸೆ ಹಚ್ಚಿದ್ನಲ್ಲ ಯವ್ವಾ" ಅಂತ ಅತ್ತೆ ನನ್ನ ಮುಂದೆ ಅಂದರು. ಅವರ ದನಿ ಅಷ್ಟು ಸಣ್ಣಗಾದದ್ದನ್ನು ಅದೇ ಮೊದಲು ಕೇಳಿದೆ.

ಅದಾದ ಎರಡು ಮೂರು ದಿನಕ್ಕೆ, ಮಧ್ಯಾಹ್ನ. ಮಕ್ಕಳು ಮಲಗಿದ್ದವು. ಅತ್ತೆ ಮಣೆ ಬಾರಿಸುತ್ತಾ ಬಾರಿಸುತ್ತಾ ತಾವೇ ತೂಕಡಿಸಿದ್ದರು, ಕೈ ಮಾತ್ರ ಬಡಿಯುತ್ತಲೇ ಇತ್ತು. ನಾನು ಪಾತ್ರೆ ತೊಳೆದು ಒಳಗೆ ಬಂದು ನೋಡಿದರೆ ಪಟ್ಟಿಯ ತುದಿಯಲ್ಲಿ ಬರೀ ಗಂಟು! ನೀಲಿ ಇಲ್ಲ.

"ಅತ್ತೀ!" ಅಂತ ಕಿರುಚಿದೆ. ಎದ್ದವರು ಖಾಲಿ ಗಂಟು ನೋಡಿದರು. ಮಲಗಿದ ಮಕ್ಕಳನ್ನೂ ಲಟ್ಟಣಿಗೆಯನ್ನೂ ಗುರಪ್ಪಜ್ಜನಿಗೆ ಒಪ್ಪಿಸಿ, ಚಪ್ಪಲಿಯಿಲ್ಲದ ಕಾಲಲ್ಲಿ ಓಡಿದರು. ಮಾರುದ್ದದ ಪಟ್ಟಿ ಹಿಂದೆ ಮಣ್ಣಲ್ಲಿ ಎಳೆಯುತ್ತಿತ್ತು. ಬಾವಿ ಕಟ್ಟೆ ನೋಡಿದೆವು, ಗುಡಿಯ ಹಿಂದೆ ನೋಡಿದೆವು, ನೇಕಾರರ ಓಣಿಗೆ ತಿರುಗಿದೆವು. ತಿರುಗಿದ ಕೂಡಲೇ ಅತ್ತೆ ನನ್ನ ಕೈ ಹಿಡಿದು ಜಗ್ಗಿದರು. ಎರಡು ಬಳೆ ಒಡೆದವು.

ಓಣಿಯಲ್ಲಿ ನೀಲಿ ಹೋಗುತ್ತಿದ್ದಳು. ಒಂದು ಕೈ ಗೋಡೆಗೆ. ಒಂದು ಹೆಜ್ಜೆ, ನಿಲ್ಲುವುದು, ಮತ್ತೊಂದು ಹೆಜ್ಜೆ. ಎರಡು ಮನೆಗಳ ನಡುವೆ ಸಂದಿ ಬಂತು, ಹಿಡಿಯಲು ಗೋಡೆಯಿಲ್ಲ. ಅಲ್ಲಿ ನಿಂತಳು.

"ಬೀಳ್ತಾಳ್ರಿ ಅತ್ತಿ, ಹಿಡೀಲೇನು?"

"ಹಿಡೀಬ್ಯಾಡ" ಅಂದರು ಅತ್ತೆ. "ಬಿದ್ರ ಬೀಳ್ಲಿ."

ನೀಲಿ ಕೈ ಬಿಟ್ಟಳು. ಬರಿಯ ಗಾಳಿಯಲ್ಲಿ ಮೂರು ಹೆಜ್ಜೆ ಹಾಕಿ ಆಚೆಯ ಗೋಡೆ ಮುಟ್ಟಿದಳು. ಓಣಿಯಲ್ಲಿ ನಲವತ್ತು ಮಗ್ಗಗಳು ಬಡಿದುಕೊಳ್ಳುತ್ತಿದ್ದವು, ಅವಳು ಒಂದು ಬಾಗಿಲಲ್ಲೂ ನಿಲ್ಲಲಿಲ್ಲ. ತನ್ನ ಮನೆ ಬಂದಾಗ ಮಾತ್ರ ಚೌಕಟ್ಟು ಹಿಡಿದು, ಹೊಸ್ತಿಲು ದಾಟಿ ಒಳಗೆ ನಿಂತಳು. ನಾವು ಬಾಗಿಲ ಹೊರಗೇ ಉಳಿದೆವು.

ಶಂಕ್ರವ್ವ ಕುಣಿಯಲ್ಲಿ ಕೂತು ತಲೆ ಬಗ್ಗಿಸಿ ನೇಯುತ್ತಿದ್ದಳು. ನೆಲದ ಮೇಲೆ ಎರಡು ಪುಟ್ಟ ಪಾದ ಕಂಡು ಕೈ ನಿಲ್ಲಿಸಿದಳು. ಪಾದದಿಂದ ಮೊಣಕಾಲಿಗೆ, ಮೊಣಕಾಲಿನಿಂದ ಮುಖಕ್ಕೆ ಕಣ್ಣು ಏರಿಸಿದಳು. ಕುಣಿಯಲ್ಲಿ ಕೂತವಳ ಮುಖಕ್ಕಿಂತ ನಿಂತ ಮಗಳ ಮುಖ ಮೇಲಿತ್ತು. ಮೂರು ವರ್ಷ ಕೂತಿದ್ದ ಕೂಸನ್ನೇ ನೋಡಿದ್ದವಳು ಈಗ ಕತ್ತೆತ್ತಿ ನೋಡುತ್ತಿದ್ದಳು. ತಲೆಯಿಂದ ಕಾಲಿನವರೆಗೆ ಮಗಳನ್ನು ಒಮ್ಮೆ ಸವರಿ, ಬಾಗಿಲಲ್ಲಿದ್ದ ನಮ್ಮ ಕಡೆ ತಿರುಗಿದಳು.

"ಅಕ್ಕೋರ, ಇಷ್ಟು ಎತ್ತರ ಅದಾಳೇನ್ರಿ ನನ್ನ ಮಗಳು!"

ಅತ್ತೆ ಹೊಸ್ತಿಲ ಮೇಲೆ ಕೂತು, ಸೆರಗು ಬಾಯಿಗೆ ಒತ್ತಿಕೊಂಡು ಅತ್ತುಬಿಟ್ಟರು. ನಾನೂ ಅವರ ಪಕ್ಕ ಕೂತೆ.